ಟಚ್ ಫೋನಿನ ನೀರಗಂಟಿ

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಸೋಮನಹಳ್ಳಿಯ ದೊಡ್ಡಪ್ಪನ ಮನೆ ಜಗಲಿಯ ಮೇಲೆ ಅವರ ಫೋನು ಹಿಡಿದು ಕೂತಿದ್ದೆ. ಜಮೀನಿನ ಕೆಲಸಕ್ಕೆ ಬೇಕಾದ ಒಂದು ಆ್ಯಪ್ ಹಾಕಿಕೊಡು ಎಂದು ಕೊಟ್ಟಿದ್ದರು. ಹುಡುಕಿದ ಕೂಡಲೇ ಆ್ಯಪ್ ಸಿಕ್ಕಿತು. ಅದರ ಕೆಳಗೆ, ಇದು ನಿಮ್ಮ ಫೋನಿಗೆ ಹೊಂದುವುದಿಲ್ಲ ಎಂಬ ಒಂದು ಸಾಲೂ ಇತ್ತು. ಆರು ವರ್ಷದ ಹಿಂದೆ ಮದ್ದೂರಿನ ಅಂಗಡಿಯೊಂದರಲ್ಲಿ ಕಂತಿನ ಮೇಲೆ ತೆಗೆದುಕೊಂಡ ಫೋನದು. ಗಾಜಿನ ಮೇಲೆ ಒಂದು ಗೀರಿಲ್ಲ. ಬೆಳಿಗ್ಗೆ ಚಾರ್ಜಿಗೆ ಹಾಕಿದರೆ ರಾತ್ರಿಯವರೆಗೂ ಬರುತ್ತದೆ.

‘ಹಾಳಾಗಿಲ್ವಲ್ಲಾ ಮಗ’ ಎಂದರು ದೊಡ್ಡಪ್ಪ. ‘ಮಾತು ಕೇಳ್ತದೆ, ವಿಡಿಯೊ ಬತ್ತದೆ, ಟಾರ್ಚೂ ಉರೀತದೆ. ಇನ್ನೇನಾಗ್ಬೇಕಂತೆ ಅದುಕ್ಕೆ?’

ಫೋನು ಹಾಳಾಗಿಲ್ಲ, ಅದರೊಳಗಿನ ಆಪರೇಟಿಂಗ್ ಸಿಸ್ಟಂ ಹಳೆಯದಾಗಿದೆ ಎಂದೆ. ಹಾಗೆಂದರೇನು ಎಂದು ಕೇಳಿದರು. ಹದಿನೈದು ವರ್ಷದಿಂದ ಇಂಥ ಸಂಗತಿಗಳ ಬಗ್ಗೆ ಓದುತ್ತಲೂ ಬರೆಯುತ್ತಲೂ ಬಂದವನು ನಾನು. ಆದರೂ ಜಗಲಿಯ ಮೇಲೆ ಕೂತವರಿಗೆ ಅರ್ಥವಾಗುವ ಒಂದು ಮಾತು ತಕ್ಷಣಕ್ಕೆ ಹೊಳೆಯಲಿಲ್ಲ. ಆಮೇಲೆ ನೀರಗಂಟಿಯ ನೆನಪಾಯಿತು.

ನಾಲೆಯಲ್ಲಿ ನೀರು ಬರುತ್ತದೆ. ಗದ್ದೆಗಳು ಹತ್ತಾರು, ನೀರು ಅಳತೆಯದು. ಯಾವ ತೂಬು ಎಷ್ಟು ಹೊತ್ತು ತೆರೆಯಬೇಕು, ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ, ರಾತ್ರೋರಾತ್ರಿ ಬದು ಒಡೆದು ಪಕ್ಕದವನ ಪಾಲು ತಿರುಗಿಸಿಕೊಳ್ಳುವವನನ್ನು ತಡೆಯುವುದು ಹೇಗೆ ಎಂಬುದನ್ನೆಲ್ಲ ನೋಡಿಕೊಳ್ಳುವವನು ನೀರಗಂಟಿ. ಫೋನಿನೊಳಗೂ ಹಾಗೆಯೇ. ಚಿಪ್ಪು, ಮೆಮೊರಿ, ಬ್ಯಾಟರಿ, ಕ್ಯಾಮೆರಾ, ಸಿಮ್ಮು ಇವೆಲ್ಲ ನೀರು. ವಾಟ್ಸಾಪ್, ಫೋನ್‌ಪೇ, ಯೂಟ್ಯೂಬ್ ಇವು ಗದ್ದೆಗಳು. ಯಾವ ಆ್ಯಪಿಗೆ ಎಷ್ಟು ಮೆಮೊರಿ ಕೊಡಬೇಕು, ಯಾವುದು ಕ್ಯಾಮೆರಾ ಮುಟ್ಟಬಹುದು, ಯಾವುದು ನಿಮ್ಮ ಫೋನ್ ನಂಬರುಗಳನ್ನು ಓದಕೂಡದು ಎಂದು ಕಾಯುವುದು ಆಪರೇಟಿಂಗ್ ಸಿಸ್ಟಂ. ಹೊಸ ಆ್ಯಪ್ ಹೊಸ ಕಾಲದ ನೀರಗಂಟಿಯ ಜೊತೆ ಮಾತ್ರ ಮಾತಾಡುವಂತೆ ಬರೆದಿದ್ದರೆ, ಹಳಬನಿರುವ ಫೋನಿನಲ್ಲಿ ಅದು ಬೇರು ಬಿಡುವುದೇ ಇಲ್ಲ.

ವ್ಯತ್ಯಾಸವೂ ಒಂದಿದೆ. ನಮ್ಮ ನೀರಗಂಟಿ ಊರಿನವನೇ. ಅವನು ಅನ್ಯಾಯ ಮಾಡಿದರೆ ನಾಲ್ಕು ಜನ ಸೇರಿ ಕೇಳಬಹುದು. ನಮ್ಮಲ್ಲಿ ಫೋನಿನ ನೀರಗಂಟಿಗಳು ಇಬ್ಬರೇ, ಇಬ್ಬರೂ ಕ್ಯಾಲಿಫೋರ್ನಿಯಾದವರು. ಮೌಂಟನ್ ವ್ಯೂ ಊರಿನ ಗೂಗಲ್‌ನ ಆ್ಯಂಡ್ರಾಯ್ಡ್ ಒಬ್ಬ, ಕ್ಯುಪರ್ಟಿನೊ ಊರಿನ ಆ್ಯಪಲ್‌ನ ಐಒಎಸ್ ಇನ್ನೊಬ್ಬ. ಭಾರತದಲ್ಲಿ ನೂರು ಸ್ಮಾರ್ಟ್‌ಫೋನ್ ಇದ್ದರೆ ಸುಮಾರು 95ರಲ್ಲಿ ಆ್ಯಂಡ್ರಾಯ್ಡ್ ಇರುತ್ತದೆ. ಮದ್ದೂರಿನ ಸಂತೆಯಲ್ಲಿ ನಿಂತು ಎಣಿಸಿದರೆ ಇನ್ನೂ ಹೆಚ್ಚಿದ್ದೀತು.

‘ಇಬ್ರೇಯಾ?’ ಎಂದರು ದೊಡ್ಡಪ್ಪ. ‘ಬ್ಯಾರೆಯವ್ರು ಯಾರೂ ಬರ್ನಿಲ್ವಾ?’

ಬಂದಿದ್ದರು. ಹಣವಂತರೂ ಬಂದರು, ಜಾಣರೂ ಬಂದರು. ಅವರು ಬಂದು ಹೋದ ಬಗೆಯನ್ನು ಹೇಳಲು ಮದ್ದೂರಿನ ಎಳನೀರು ಮಾರುಕಟ್ಟೆಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಸುತ್ತಲ ತೋಟಗಳ ಎಳನೀರೆಲ್ಲ ಅಲ್ಲಿಗೇ ಹೋಗುತ್ತದೆ. ಏಕೆಂದರೆ ಮುಂಬೈ, ದೆಹಲಿಯ ಲಾರಿಗಳು ಅಲ್ಲಿಗೇ ಬರುತ್ತವೆ. ಲಾರಿಗಳು ಅಲ್ಲಿಗೇ ಏಕೆ ಬರುತ್ತವೆ? ಎಳನೀರು ಅಲ್ಲೇ ಸಿಗುತ್ತದೆ. ನಾಳೆ ಯಾರಾದರೂ ಪಕ್ಕದ ಊರಲ್ಲಿ ಇದಕ್ಕಿಂತ ದೊಡ್ಡ ಚಪ್ಪರ, ಕಾಂಕ್ರೀಟು ನೆಲ, ಸುಂಕವೇ ಇಲ್ಲದ ಮಾರುಕಟ್ಟೆ ಕಟ್ಟಿದರು ಎನ್ನಿ. ಮೊದಲ ದಿನ ರೈತ ಕಾಯಿ ಒಯ್ದರೆ ಲಾರಿ ಇರುವುದಿಲ್ಲ, ಲಾರಿ ಬಂದ ದಿನ ಕಾಯಿ ಇರುವುದಿಲ್ಲ. ವಾರ ಕಳೆಯುವುದರೊಳಗೆ ಚಪ್ಪರ ಖಾಲಿ. ಫೋನಿನ ಪೈಪೋಟಿಯಲ್ಲಿ ಆ್ಯಪ್ ಬರೆಯುವವರೇ ಲಾರಿಯವರು. ಜನ ಎಲ್ಲಿದ್ದಾರೋ ಅಲ್ಲಿಗೆ ಆ್ಯಪ್ ಬರೆಯುತ್ತಾರೆ, ಆ್ಯಪ್ ಎಲ್ಲಿದೆಯೋ ಅಲ್ಲಿಗೆ ಜನ ಹೋಗುತ್ತಾರೆ.

ಮೈಕ್ರೋಸಾಫ್ಟ್ ಕಟ್ಟಿದ ಚಪ್ಪರ ಎಲ್ಲರದಕ್ಕಿಂತ ದೊಡ್ಡದು. 2011ರ ಫೆಬ್ರವರಿಯಲ್ಲಿ ನೋಕಿಯಾ ತನ್ನ ಹಳೆಯ ಸಿಂಬಿಯನ್ ಬಿಟ್ಟು ವಿಂಡೋಸ್ ಫೋನಿನ ಕೈ ಹಿಡಿಯಿತು. ಕಡಿಮೆ ಮೆಮೊರಿಯಲ್ಲೂ ಸರಾಗವಾಗಿ ಓಡುತ್ತಿದ್ದ ಒಳ್ಳೆಯ ವ್ಯವಸ್ಥೆ ಅದು. ನಾನೂ ಎರಡು ವರ್ಷ ಬಳಸಿದ್ದೇನೆ, ಈಗಲೂ ಅದರ ಮೇಲೆ ಪ್ರೀತಿಯಿದೆ. ಆದರೆ ಲಾರಿಗಳು ಬರಲಿಲ್ಲ. ನೋಕಿಯಾದ ಫೋನ್ ವ್ಯವಹಾರವನ್ನು ಮೈಕ್ರೋಸಾಫ್ಟ್ 700 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡುಕೊಂಡಿತು. 2020ರ ಜನವರಿಯಲ್ಲಿ ಕೊನೆಯ ಅಪ್‌ಡೇಟ್ ಕೊಟ್ಟು ಬಾಗಿಲು ಹಾಕಿತು. ಸ್ಯಾಮ್‌ಸಂಗ್ ತನ್ನದೇ ಟೈಜನ್ ವ್ಯವಸ್ಥೆಯ ಮೊದಲ ಫೋನು ಜ಼ಡ್1 ಅನ್ನು 2015ರ ಜನವರಿಯಲ್ಲಿ ಭಾರತದಲ್ಲೇ, ₹5,700ಕ್ಕೆ ಬಿಟ್ಟಿತು. 2017ರ ನಂತರ ಆ ಸಾಲಿನಲ್ಲಿ ಹೊಸದು ಬರಲಿಲ್ಲ. ಮೊಜ಼ಿಲ್ಲಾದ ಫೈರ್‌ಫಾಕ್ಸ್ ಓಎಸ್ ಹಾಕಿದ ಇಂಟೆಕ್ಸ್ ಫೋನು 2014ರ ಆಗಸ್ಟ್‌ನಲ್ಲಿ ₹1,999ಕ್ಕೆ ಬಂತು. ಅದೂ ಹೋಯಿತು. ಆದರೆ ಆ ಬಳ್ಳಿಯ ಒಂದು ಕುಡಿ ಆಮೇಲೆ ನಮ್ಮ ಹಳ್ಳಿಗಳಲ್ಲೇ ಬೇರೆ ಹೆಸರಿನಲ್ಲಿ ಚಿಗುರಿತು. ಅದನ್ನು ಮುಂದೆ ಹೇಳುತ್ತೇನೆ.

ಇವರೆಲ್ಲರಿಗಿಂತ ಮೊದಲೇ ಬಂದವರಿದ್ದರು. ಅವರು ಬೆಂಗಳೂರಿನವರು.

*

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆ ಸೋಮನಹಳ್ಳಿ ಎಂದರೆ ಎಸ್.ಎಂ. ಕೃಷ್ಣ ಅವರ ಊರು. 1932ರ ಮೇ 1ರಂದು ಅವರು ಹುಟ್ಟಿದ್ದು ಇಲ್ಲಿ. 2024ರ ಡಿಸೆಂಬರ್ 11ರಂದು ಅಂತ್ಯಸಂಸ್ಕಾರ ನಡೆದದ್ದೂ ಇಲ್ಲೇ. ಮದ್ದೂರಿನಿಂದ ಗೆದ್ದು 1999ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯಾದ ಅವರನ್ನು ಬೆಂಗಳೂರಿನ ಐಟಿ ಕಂಪನಿಗಳ ಜೊತೆಗೇ ನೆನೆಯುವುದು ವಾಡಿಕೆ. ನನಗೆ ಅವರ ಕಾಲದ್ದು ಎಂದರೆ ಮೊದಲು ನೆನಪಾಗುವುದು ‘ಭೂಮಿ’ ಯೋಜನೆ.

ಅದಕ್ಕೆ ಮೊದಲು ಪಹಣಿ ಎಂದರೆ ಕೈಬರಹದ ಪುಸ್ತಕ. ಶಾನುಭೋಗರ ಕಾಲ ಮುಗಿದ ಮೇಲೂ ಅದು ಗ್ರಾಮ ಲೆಕ್ಕಿಗರ ಕೈಯಲ್ಲೇ ಉಳಿದಿತ್ತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ. ಸಾಲಕ್ಕೆ, ಕೋರ್ಟಿಗೆ, ಮಗಳ ಮದುವೆಗೆ ಜಮೀನು ಮಾರುವುದಕ್ಕೆ ಪಹಣಿ ಬೇಕೆಂದರೆ ಅವರು ಸಿಗಬೇಕು, ಸಿಕ್ಕಾಗ ಮನಸ್ಸು ಮಾಡಬೇಕು. ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. 177 ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೆಯಿತು. ₹15 ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ ಎಂದು ಸರ್ಕಾರ ಹೇಳಿತು. ಒಬ್ಬನೇ ಕಾಯುತ್ತಿದ್ದ ಬಾಗಿಲು ಅಗಲವಾಯಿತು. ಆ ಕಿಟಕಿಯ ಮುಂದೆ ಮೊದಲ ಸಲ ಸಾಲಿನಲ್ಲಿ ನಿಂತದ್ದನ್ನು ದೊಡ್ಡಪ್ಪ ಇವತ್ತಿಗೂ ಹೇಳುತ್ತಾರೆ.

ಆಗಲೇ ಹೇಳಿದ ಬೆಂಗಳೂರಿನವರು ಬಂದದ್ದು ಅದೇ ವರ್ಷಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಅಂಗೈಯಗಲದ ಒಂದು ಯಂತ್ರ ಕಟ್ಟುತ್ತಿದ್ದರು. ಹೆಸರು ಸಿಂಪ್ಯೂಟರ್. ಪರದೆ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಒಳಗಿದ್ದದ್ದು ಲಿನಕ್ಸ್. ಬರೆದದ್ದನ್ನು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಅದಕ್ಕಾಗಿಯೇ ಬರೆದರು, ಅದಕ್ಕೆ ಕನ್ನಡ ಬರುತ್ತಿತ್ತು. ಊರಿಗೊಂದು ಯಂತ್ರ ಸಾಕು, ಮನೆಗೊಂದು ಸ್ಮಾರ್ಟ್ ಕಾರ್ಡು. ಕಾರ್ಡು ತೂರಿಸಿದವರ ಮಾಹಿತಿ ಅವರಿಗೆ ಮಾತ್ರ ಕಾಣುತ್ತದೆ. ಬಡವರ ಊರನ್ನು ಮನಸ್ಸಿನಲ್ಲಿಟ್ಟು ಯೋಚಿಸಿದವರಿಗೆ ಮಾತ್ರ ಹೊಳೆಯುವ ಉಪಾಯ ಇದು. ಭೂದಾಖಲೆಯ ಕೆಲಸಕ್ಕೂ ಕರ್ನಾಟಕ ಸರ್ಕಾರ ಈ ಯಂತ್ರವನ್ನು ಬಳಸಿ ನೋಡಿತು. 2004ರ ಮಾರ್ಚ್ 26ರಂದು ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂತು, ತಯಾರಿಸಿದ್ದು ಬಿಇಎಲ್. ಯಂತ್ರವನ್ನು ಓರೆ ಮಾಡಿದರೆ ಅದು ಅರಿಯುತ್ತಿತ್ತು. ಆ ಹೊತ್ತಿಗೆ ಅಮೆರಿಕದಲ್ಲಿ ಆ್ಯಂಡ್ರಾಯ್ಡ್ ಎಂಬ ಪುಟ್ಟ ಕಂಪನಿ ಹುಟ್ಟಿ ಐದಾರು ತಿಂಗಳಾಗಿತ್ತು, ಗೂಗಲ್ ಅದನ್ನು ಇನ್ನೂ ಕೊಂಡಿರಲಿಲ್ಲ. ಐಫೋನ್ ಬರಲು ಮೂರು ವರ್ಷ ಬಾಕಿಯಿತ್ತು.

ಸಿಂಪ್ಯೂಟರ್ ಕೆಲವೇ ಸಾವಿರ ಮಾರಾಟವಾಗಿ ನಿಂತುಹೋಯಿತು. ಹತ್ತಿರ ಹತ್ತಿರ ₹10,000 ಬೆಲೆ ಅಂದಿನ ಹಳ್ಳಿಗೆ ಭಾರವೇ. ಅದರಿಂದ ಫೋನ್ ಮಾಡುವಂತಿರಲಿಲ್ಲ, ಅದಕ್ಕೆ ಬರೆದ ತಂತ್ರಾಂಶಗಳು ಕಡಿಮೆ. ಮತ್ತೆ ಅದೇ ಲಾರಿಗಳ ಮಾತು. ಆದರೂ ಈ ಸೋಲನ್ನು ಉಳಿದ ಸೋಲುಗಳ ಸಾಲಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ಮೈಕ್ರೋಸಾಫ್ಟ್ ಸೋತಾಗ ಒಂದು ಕಂಪನಿ ಸೋತಿತು. ಸಿಂಪ್ಯೂಟರ್ ಸೋತಾಗ, ನಮ್ಮ ಭಾಷೆಯಿಂದಲೇ ಯೋಚನೆ ಶುರುಮಾಡುವ ನೀರಗಂಟಿಯೊಬ್ಬ ನಮಗೆ ಇಲ್ಲವಾದ. ಹಾಗಾಗಿ ಮುಂದಿನ ಹತ್ತು ವರ್ಷ ಫೋನಿನಲ್ಲಿ ಕನ್ನಡ ನಾಲೆಯ ಕೊನೆಭಾಗದ ಗದ್ದೆಯಂತೆ ಕಾಯಬೇಕಾಯಿತು.

ಕೊನೆಭಾಗ ಎಂದರೇನೆಂದು ಮದ್ದೂರು, ಮಳವಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನ ಗದ್ದೆಗಳೆಲ್ಲ ತಣಿದ ಮೇಲೆ ಈ ತಾಲ್ಲೂಕುಗಳ ತುದಿಗೆ ಬರಬೇಕು. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಎಷ್ಟೋ ಸಲ ನಮ್ಮ ಕಾಲುವೆ ನೆನೆಯುವ ಹೊತ್ತಿಗೆ ಅಲ್ಲಿ ತೂಬು ಮುಚ್ಚಿರುತ್ತದೆ.

ಮೊದಲ ಆ್ಯಂಡ್ರಾಯ್ಡ್ ಫೋನು ಭಾರತಕ್ಕೆ ಬಂದದ್ದು 2009ರಲ್ಲಿ. ಅದರಲ್ಲಿ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದದ್ದು ಸಾಲು ಸಾಲು ಚೌಕದ ಡಬ್ಬಿಗಳು. ಬರೆಯುವ ಮಾತಿರಲಿ, ಓದುವುದಕ್ಕೇ ಆಗುತ್ತಿರಲಿಲ್ಲ. ಒಪೇರಾ ಮಿನಿ ಬ್ರೌಸರ್ ಹಾಕಿಕೊಂಡು, ಅದರ ಒಳಗಿನ ಗುಟ್ಟಿನ ಸೆಟ್ಟಿಂಗ್ ಪುಟ ತೆರೆದು ಒಂದು ಆಯ್ಕೆ ಬದಲಿಸಿದರೆ ಅಕ್ಷರಗಳು ಚಿತ್ರವಾಗಿ ಬರುತ್ತಿದ್ದವು. ಆ ಉಪಾಯವನ್ನು ಕನ್ನಡಿಗರು ಒಬ್ಬರಿಗೊಬ್ಬರು ಮನೆಮದ್ದು ಹೇಳಿದ ಹಾಗೆ ಹೇಳಿಕೊಡುತ್ತಿದ್ದರು.

ಇಷ್ಟು ತಡವೇಕೆ ಎಂದು ಕೇಳಬಹುದು. ‘ಮದ್ದೂರು’ ಎಂದು ಬರೆಯಿರಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಫೋನಿನ ಲೆಕ್ಕದಲ್ಲಿ ಅದು ಏಳು: ಮ, ದ, ಅರ್ಧಾಕ್ಷರದ ಗುರುತು, ಮತ್ತೊಂದು ದ, ಊಕಾರದ ಕೊಂಬು, ರ, ಉಕಾರದ ಕೊಂಬು. ಈ ಏಳು ಸಂಕೇತಗಳನ್ನು ಓದಿ ಎರಡನೆಯ ದಕಾರವನ್ನು ಒತ್ತಾಗಿಸಿ ಕೆಳಗಿಳಿಸಬೇಕು, ಕೊಂಬನ್ನು ಬಲಕ್ಕೆ ಅಂಟಿಸಬೇಕು. ‘ಸೂರ್ಯ’ ಎನ್ನುವಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ ಯಕಾರದ ಆಚೆಗೆ ಹೋಗಿ ಕೂರಬೇಕು. ಇಂಗ್ಲಿಷಿಗೆ ಈ ಕಷ್ಟವಿಲ್ಲ. ಒಂದು ಸಂಕೇತ, ಒಂದು ಅಕ್ಷರ, ಪಕ್ಕಪಕ್ಕದಲ್ಲಿಟ್ಟರೆ ಆಯಿತು. ಕನ್ನಡದ ಅಕ್ಷರಗಳಿಗೆ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಜಾಗ ಕೊಟ್ಟಿತ್ತು. ಆದರೆ ಅಕ್ಷರಗಳನ್ನು ಹೀಗೆ ಹೆಣೆಯುವ ಕೆಲಸವನ್ನು ಮಾಡಬೇಕಾದ್ದು ಆಪರೇಟಿಂಗ್ ಸಿಸ್ಟಂ. ಅದು ಕಲಿಯದಿದ್ದರೆ ಎಂಥ ಒಳ್ಳೆಯ ಫಾಂಟ್ ಇದ್ದರೂ ಪ್ರಯೋಜನವಿಲ್ಲ.

ಆ್ಯಂಡ್ರಾಯ್ಡ್ ಅದನ್ನು ಕಲಿತದ್ದು 2012ರ 4.1 ಆವೃತ್ತಿಯಲ್ಲಿ, ತೆಲುಗು, ಮಲಯಾಳಗಳ ಜೊತೆಗೆ. 2014ರ ಕೊನೆಗೆ ಬಂದ 5.0 ಆವೃತ್ತಿಯಲ್ಲಿ ಮೆನು, ಸೆಟ್ಟಿಂಗ್, ಸೂಚನೆಗಳೆಲ್ಲ ಕನ್ನಡದಲ್ಲಿ ಬಂದವು. ಐಫೋನಿನಲ್ಲಿ ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ. ಇಡೀ ಫೋನು ಕನ್ನಡದಲ್ಲಿ ಮಾತಾಡಲು 2025ರ 18.4 ಆವೃತ್ತಿಯವರೆಗೆ ಕಾಯಬೇಕಾಯಿತು. ಈ ವರ್ಷಗಳ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಭಾರತದಲ್ಲಿ ಐಫೋನ್ ಜೋಡಿಸುವ ಕೆಲಸ ಶುರುವಾದದ್ದು 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ. ಆಮೇಲೆ ಕೋಲಾರದ ನರಸಾಪುರಕ್ಕೆ, ಈಗ ದೇವನಹಳ್ಳಿಗೂ ಅದು ಹರಡಿದೆ. ಕನ್ನಡ ನಾಡಿನ ಹೆಣ್ಣುಮಕ್ಕಳು ಪಾಳಿಯ ಮೇಲೆ ನಿಂತು ಜೋಡಿಸಿದ ಫೋನಿಗೆ ಅವರ ಭಾಷೆಯ ಮೆನು ಬರಲು ಎಂಟು ವರ್ಷ ಹಿಡಿಯಿತು. ಇದು ನನಗೆ ನೋವಿನ ಲೆಕ್ಕ.

ಹಳ್ಳಿಗಳಲ್ಲಿ ಆ್ಯಂಡ್ರಾಯ್ಡ್ ಗೆದ್ದದ್ದು ಬರೀ ಅಗ್ಗ ಎಂಬ ಕಾರಣಕ್ಕೆ ಎನ್ನುವವರಿದ್ದಾರೆ. ಬೆಲೆಯ ಮಾತು ದೊಡ್ಡದೇ. 2008ರ ಆಗಸ್ಟ್‌ನಲ್ಲಿ ಐಫೋನ್ ಭಾರತಕ್ಕೆ ಬಂದಾಗ ₹31,000. 2014ರಲ್ಲಿ ಗೂಗಲ್‌ನ ಆ್ಯಂಡ್ರಾಯ್ಡ್ ಒನ್ ಫೋನುಗಳು ₹6,399ಕ್ಕೆ ಬಂದವು. ಆದರೆ ಓದಲು ಬರುವ ಫೋನು, ಬಾರದ ಫೋನು ಎಂಬ ವ್ಯತ್ಯಾಸವೂ ಅಷ್ಟೇ ದೊಡ್ಡದು. ಕೊನೆಭಾಗಕ್ಕೆ ಮೊದಲು ನೀರು ತಂದವನನ್ನು ಊರು ಮರೆಯುವುದಿಲ್ಲ.

*

ಫೈರ್‌ಫಾಕ್ಸ್‌ನ ಬಳ್ಳಿ ಚಿಗುರಿದ ಕತೆ ಇದು. 2017ರ ಜುಲೈ 21ರಂದು ಜಿಯೊಫೋನ್ ಘೋಷಣೆಯಾಯಿತು. ₹1,500 ಠೇವಣಿ, ಬಟನ್ನಿನ ಸೆಟ್ಟು, ಒಳಗೆ 4ಜಿ. ಮಂಡ್ಯದ ಕಡೆಯ ಎಷ್ಟೋ ಹೆಂಗಸರು, ಮುದುಕರು ಮೊದಲ ಸಲ ಯೂಟ್ಯೂಬ್ ಕಂಡದ್ದು ಅದರಲ್ಲಿ. ಅದರೊಳಗೆ ಇದ್ದ ನೀರಗಂಟಿ ಆ್ಯಂಡ್ರಾಯ್ಡೂ ಅಲ್ಲ, ಐಒಎಸ್ಸೂ ಅಲ್ಲ. ಫೈರ್‌ಫಾಕ್ಸ್ ಓಎಸ್‌ನಿಂದ ಒಡೆದು ಬಂದ ಕಾಯ್ ಓಎಸ್. ಮೂರನೆಯವನೊಬ್ಬ ಕೊನೆಗೂ ಬಂದ ಎನಿಸಿತ್ತು. ವಾಟ್ಸಾಪ್ ಅದಕ್ಕೆ ಬರಲು 2018ರ ಸೆಪ್ಟೆಂಬರ್ ಆಯಿತು. ಕೊರೋನಾ ಕಾಲದ ಆರೋಗ್ಯ ಸೇತು 2020ರ ಏಪ್ರಿಲ್ 2ರಂದು ಆ್ಯಂಡ್ರಾಯ್ಡ್, ಐಫೋನ್‌ಗಳಿಗೆ ಬಂದರೆ ಜಿಯೊಫೋನಿಗೆ ಮುಟ್ಟಿದ್ದು ಮೇ ತಿಂಗಳಲ್ಲಿ. ಅಲ್ಲೂ ಕೊನೆಭಾಗವೇ. 2021ರ ನವೆಂಬರ್ 4ರಂದು ಜಿಯೊ ತನ್ನ ಮುಂದಿನ ಫೋನನ್ನು ₹6,499ಕ್ಕೆ ತಂದಾಗ ಗೂಗಲ್ ಜೊತೆ ಸೇರಿ ಆ್ಯಂಡ್ರಾಯ್ಡನ್ನೇ ಆರಿಸಿಕೊಂಡಿತ್ತು. 2024ರಲ್ಲಿ ಕಾಯ್ ಓಎಸ್ ಫೋನುಗಳಿಗೆ ಹೊಸದಾಗಿ ವಾಟ್ಸಾಪ್ ಹಾಕಿಕೊಳ್ಳುವುದೂ ನಿಂತಿತು. ವಾಟ್ಸಾಪ್ ಇಲ್ಲದ ಫೋನಿಗೆ ನಮ್ಮ ಊರಲ್ಲಿ ಈಗ ಅಂಗಡಿಯವರೂ ಬೆಲೆ ಕಟ್ಟುವುದಿಲ್ಲ.

ಇಬ್ಬರೇ ಉಳಿದದ್ದು ಮಾರುಕಟ್ಟೆಯ ಆಟ ಎಂದು ಸುಮ್ಮನಿರಬಹುದಿತ್ತು. ಆದರೆ ಈ ಆಟದಲ್ಲಿ ಸರ್ಕಾರದ ಕೈಯೂ ಇದೆ. 2020ರಲ್ಲಿ ಕರ್ನಾಟಕದ ರೈತರು ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಮಾಡಬಹುದು ಎಂದು ಸರ್ಕಾರ ಹೇಳಿದಾಗ, ಪ್ಲೇ ಸ್ಟೋರ್‌ಗೆ ಹೋಗಿ ಆ್ಯಪ್ ಇಳಿಸಿಕೊಳ್ಳಿ ಎಂದಿತು. ಹೊಲದಲ್ಲಿ ನಿಂತು ಸರ್ವೆ ನಂಬರ್ ಹಾಕಿ, ಬೆಳೆಯ ಫೋಟೊ ತೆಗೆದು ಏರಿಸಬೇಕು. ಸ್ಮಾರ್ಟ್‌ಫೋನ್ ಇಲ್ಲದವರ ಹೊಲಕ್ಕೆ ಖಾಸಗಿ ನಿವಾಸಿಗಳು ಎಂಬ ಹೆಸರಿನ ಹುಡುಗರು ಬರುತ್ತಾರೆ. ಅವರ ಕೈಯಲ್ಲೂ ಟಚ್ ಫೋನೇ. ಅಂಗನವಾಡಿ ಕಾರ್ಯಕರ್ತೆಯರು ಮಗುವಿನ ತೂಕ ಬರೆಯುವುದು 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ. ಉದ್ಯೋಗ ಖಾತ್ರಿಯಲ್ಲಿ 2022ರ ಮೇ 16ರಿಂದ, 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ಕಾಯಕ ಬಂಧುಗಳು ದಿನಕ್ಕೆ ಎರಡು ಸಲ ಕೂಲಿಗಳ ಫೋಟೊ ತೆಗೆದು ಆ್ಯಪಿಗೆ ಹಾಕಬೇಕಾಯಿತು. 2023ರ ಜನವರಿ 1ರಿಂದ ಎಲ್ಲ ಕಡೆಗೂ ಅದೇ ನಿಯಮ ಬಂತು. ಫೋಟೊ ಏರಲಿಲ್ಲವೆಂದರೆ ಹಾಜರಿ ಇಲ್ಲ, ಹಾಜರಿ ಇಲ್ಲವೆಂದರೆ ಕೂಲಿ ಇಲ್ಲ.

ಈ ಆ್ಯಪುಗಳನ್ನು ಬರೆದವರ ಉದ್ದೇಶ ಒಳ್ಳೆಯದೇ. ನಕಲಿ ಹೆಸರು ತಪ್ಪಬೇಕು, ಬೆಳೆಯ ಲೆಕ್ಕ ಸರಿಯಿರಬೇಕು. ಆದರೆ ಭೂಮಿ ಯೋಜನೆ ಯಾವ ಒಂಟಿ ಬಾಗಿಲನ್ನು ಒಡೆಯಿತೋ, ಅಂಥದೇ ಇನ್ನೊಂದು ಬಾಗಿಲನ್ನು ನಾವೀಗ ಬೇರೆ ಕಡೆ ನಿಲ್ಲಿಸುತ್ತಿದ್ದೇವೆ. ಪಹಣಿಯ ಕಿಟಕಿಯ ಮುಂದೆ ನಿಲ್ಲಲು ರೈತನಿಗೆ ಇಂಥದೇ ಚಪ್ಪಲಿ ಹಾಕಿಕೊಂಡು ಬಾ ಎಂದು ಯಾರೂ ಹೇಳಿರಲಿಲ್ಲ. ಇವತ್ತು ಇಂಥ ನೀರಗಂಟಿಯ ಇಂಥ ವರ್ಷದ ಫೋನು ತಂದರೆ ಮಾತ್ರ ಬಾ ಎನ್ನುತ್ತಿದ್ದೇವೆ. ಬೇರೆ ದಾರಿ ಇಲ್ಲವೆಂದಲ್ಲ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಬಟನ್ ಸೆಟ್ಟುಗಳಿಗೆಂದೇ ಯುಪಿಐ 123ಪೇ ತಂದಿತು. ನಂಬರಿಗೆ ಕರೆ ಮಾಡಿ ಹಣ ಕಳಿಸಬಹುದು, ಆಪರೇಟಿಂಗ್ ಸಿಸ್ಟಂ ಯಾವುದಾದರೂ ಸರಿ. ಬ್ರೌಸರಿನಲ್ಲಿ ತೆರೆಯುವ ಪುಟವಾದರೂ ಬ್ರೌಸರ್ ಇರುವ ಎಲ್ಲ ಫೋನಿಗೂ ನಡೆಯುತ್ತದೆ. ಸರ್ಕಾರದ ಪ್ರತಿಯೊಂದು ಸೇವೆಗೂ ಇಂಥದ್ದೊಂದು ಎರಡನೆಯ ಬಾಗಿಲು ಇರಲೇಬೇಕು ಎಂದು ನಾನು ನಂಬಿದ್ದೇನೆ. ಹೊಸ ಆಪರೇಟಿಂಗ್ ಸಿಸ್ಟಂ ಯಾರಾದರೂ ಕಟ್ಟಿದರೂ ಅದಕ್ಕೆ ಉಸಿರಾಡಲು ಜಾಗ ಸಿಗುವುದು ಹೀಗೆಯೇ.

ಗೂಗಲ್ ಈ ಮಾರುಕಟ್ಟೆಯನ್ನು ಹೇಗೆ ಕಾಯ್ದುಕೊಂಡಿತು ಎಂಬುದನ್ನು ದೆಹಲಿಯಲ್ಲಿ ಕೂತ ಭಾರತೀಯ ಸ್ಪರ್ಧಾ ಆಯೋಗ ವಿವರವಾಗಿ ನೋಡಿದೆ. ಆ್ಯಂಡ್ರಾಯ್ಡಿನ ಮೂಲ ತಂತ್ರಾಂಶ ಮುಕ್ತ, ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಳ್ಳಬಹುದು. ಐಐಟಿ ಮದ್ರಾಸಿನ ಆಶ್ರಯದಲ್ಲಿ 2023ರಲ್ಲಿ ಬಂದ ಭಾರ್ ಓಎಸ್ ಕಟ್ಟಿದ್ದೂ ಅದರ ಮೇಲೆಯೇ. ಆದರೆ ಪ್ಲೇ ಸ್ಟೋರ್ ಉಚಿತವಲ್ಲ. ಅದು ಬೇಕೆಂದರೆ ಫೋನ್ ಕಂಪನಿ ಒಪ್ಪಂದಕ್ಕೆ ಸಹಿ ಹಾಕಬೇಕು. ಆಯೋಗದ ಆದೇಶ ಬರುವವರೆಗೆ ಸ್ಟೋರ್ ಜೊತೆಗೆ ಸರ್ಚ್, ಕ್ರೋಮ್, ಯೂಟ್ಯೂಬ್ ಇಡೀ ಗಂಟನ್ನೇ ಹಾಕಬೇಕಿತ್ತು, ಆ್ಯಂಡ್ರಾಯ್ಡನ್ನು ತಿದ್ದಿ ಬೇರೆ ರೂಪ ಕೊಟ್ಟ ಫೋನು ಮಾರುವಂತಿರಲಿಲ್ಲ. ನೆಲ ಪುಕ್ಕಟೆ, ಆದರೆ ಬಾವಿಗೆ ಹೋಗುವ ದಾರಿಗೆ ಕರಾರು. 2022ರ ಅಕ್ಟೋಬರ್ 20ರಂದು ಆಯೋಗ ₹1,337.76 ಕೋಟಿ ದಂಡ ಹಾಕಿತು. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತಡೆ ಕೊಡಲಿಲ್ಲ. ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಯುರೋಪು ಇದೇ ಬಗೆಯ ತಪ್ಪಿಗೆ 2018ರಲ್ಲೇ 434 ಕೋಟಿ ಯೂರೊ ದಂಡ ಹಾಕಿತ್ತು. ನಮ್ಮ ಆದೇಶದ ನಂತರ ಗೂಗಲ್, ಗಂಟು ಬಿಚ್ಚಿ ಬೇಕಾದ ಆ್ಯಪನ್ನು ಮಾತ್ರ ಕೊಳ್ಳಬಹುದು ಎಂದು ಫೋನ್ ಕಂಪನಿಗಳಿಗೆ ಹೇಳಿತು. ಕಾಗದದ ಮೇಲೆ ಇದು ದೊಡ್ಡ ಗೆಲುವು. ಮದ್ದೂರಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾತ್ರ ಅದರ ಗುರುತು ನನಗೆ ಇನ್ನೂ ಕಂಡಿಲ್ಲ.

ಬೆಂಗಳೂರಿನಿಂದ ಮತ್ತೊಂದು ಪ್ರಯತ್ನ ನಡೆದಿದೆ. ಐಐಟಿ ಬಾಂಬೆಯ ಗೆಳೆಯರು 2015ರಲ್ಲಿ ಮೈಕ್ರೋಮ್ಯಾಕ್ಸ್ ಫೋನಿಗೆ ಹಾಕಿದ ಇಂಡಸ್ ಓಎಸ್, ಭಾರತೀಯ ಭಾಷೆಗಳನ್ನು ಮುಂದಿಟ್ಟುಕೊಂಡ ಆ್ಯಂಡ್ರಾಯ್ಡ್ ರೂಪ. ಅದನ್ನು ಕೊಂಡ ಫೋನ್‌ಪೇ 2024ರ ಫೆಬ್ರವರಿ 21ರಂದು ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ಇಂಗ್ಲಿಷಿನ ಜೊತೆಗೆ 12 ಭಾರತೀಯ ಭಾಷೆಗಳು, ಕನ್ನಡವೂ ಇದೆ. ಹೊಸ ನೀರಗಂಟಿಯನ್ನು ತರುವುದು ಆಗದು ಎಂದು ಅರಿತವರು ಹೊಸ ತೂಬು ತೆರೆಯಲು ಹೊರಟಿದ್ದಾರೆ. ಆದರೆ ಫೋನಿನ ಜೊತೆಗೇ ಬಾರದ ಅಂಗಡಿಯನ್ನು ಹೊರಗಿನಿಂದ ಹಾಕಿಕೊಳ್ಳಲು ಹೋದರೆ ಫೋನು ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೊಡುತ್ತದೆ. ದುಡ್ಡು ಇರುವ ಫೋನಿನಲ್ಲಿ ಅಂಥ ಎಚ್ಚರಿಕೆ ಕಂಡರೆ ದೊಡ್ಡಪ್ಪನಂಥವರು ಅಲ್ಲಿಗೇ ಕೈಬಿಡುತ್ತಾರೆ. ಕೈಬಿಡುವುದೇ ಸರಿ, ವಂಚಕರ ಕಾಟ ಅಷ್ಟಿದೆ.

ಜಗಲಿಯ ಮೇಲಿನ ಆ ಮಧ್ಯಾಹ್ನಕ್ಕೆ ಬರುತ್ತೇನೆ. ದೊಡ್ಡಪ್ಪನ ಫೋನಿಗೆ ಕೊನೆಯ ಅಪ್‌ಡೇಟ್ ಬಂದು ನಾಲ್ಕು ವರ್ಷವಾಗಿತ್ತು. ಐಫೋನಿಗೆ ಐದಾರು ವರ್ಷ ಬರುತ್ತದೆ. ಆ್ಯಂಡ್ರಾಯ್ಡಿನಲ್ಲೂ ಈಗ ಲಕ್ಷದ ಹತ್ತಿರದ ಫೋನುಗಳಿಗೆ ಏಳು ವರ್ಷದ ಭರವಸೆಯಿದೆ. ಆರೇಳು ಸಾವಿರದ ಫೋನಿಗೆ ಎರಡು ವರ್ಷ ಬಂದರೆ ಪುಣ್ಯ. ಅಪ್‌ಡೇಟ್ ಎಂದರೆ ಬಣ್ಣ ಬದಲಾಗುವುದಲ್ಲ. ಬದುವಿನಲ್ಲಿ ಬಿದ್ದ ತೂತನ್ನು ಮುಚ್ಚುವ ಕೆಲಸ. ಅದು ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಂದಲ್ಲ ನಾಳೆ ಬಾಗಿಲು ಹಾಕುತ್ತದೆ, ಕಳ್ಳನಿಗೆ ಮಾತ್ರ ತೆರೆದಿರುತ್ತದೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು, ಫೋನು ಅಗ್ಗದ್ದಿರಲಿ ದುಬಾರಿಯದ್ದಿರಲಿ. ಕಂತು ಕಟ್ಟಿ ಫೋನು ಕೊಳ್ಳುವವರ ನಾಡಿನಲ್ಲಿ ಈ ನಿಯಮ ಇನ್ನೂ ಹೆಚ್ಚು ಬೇಕು. ಕೊನೆಯ ಕಂತು ತೀರುವ ಹೊತ್ತಿಗೆ ನೀರಗಂಟಿ ಕೆಲಸ ಬಿಟ್ಟು ಹೋಗಿರಬಾರದು.

ಸಂಜೆ ಆಗಿತ್ತು. ಅವರ ಆ್ಯಪನ್ನು ಸದ್ಯಕ್ಕೆ ನನ್ನ ಫೋನಿಗೇ ಹಾಕಿಕೊಂಡೆ. ಪಡುವಣದಲ್ಲಿ ಮೋಡ ಕಟ್ಟಿತ್ತು. ದೊಡ್ಡಪ್ಪ ತಮ್ಮ ಫೋನು ತೆಗೆದುಕೊಂಡು ಮೈಕಿನ ಗುರುತು ಒತ್ತಿದರು. ಅಕ್ಷರ ಕುಟ್ಟುವುದು ಅವರಿಗೆ ಕಷ್ಟ, ಮೊಮ್ಮಗಳು ಮಾತಾಡಿ ಕೇಳುವುದನ್ನು ಕಲಿಸಿದ್ದಾಳೆ. ‘ಇವತ್ತು ಮಳೆ ಬತ್ತದಾ’ ಎಂದರು.

ಪರದೆಯ ಮೇಲೆ ‘ಇವತ್ತು ಮಳೆ ಭತ್ತದ’ ಎಂದು ಮೂಡಿತು. ಕೆಳಗೆ ಭತ್ತದ ತಳಿಗಳ ಚಿತ್ರಗಳು.

ಅವರು ಅದನ್ನು ಒಂದು ಗಳಿಗೆ ನೋಡಿದರು. ಬೇಸರಿಸಿಕೊಳ್ಳಲಿಲ್ಲ, ಇದು ಅವರಿಗೆ ರೂಢಿ. ಬೆನ್ನು ನೆಟ್ಟಗೆ ಮಾಡಿಕೊಂಡು, ಫೋನನ್ನು ಬಾಯಿಗೆ ಹತ್ತಿರ ತಂದು, ರೇಡಿಯೊದಲ್ಲಿ ವಾರ್ತೆ ಓದುವವರಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: ‘ಇಂದು ಮಳೆ ಬರುತ್ತದೆಯೇ.’

ಎಪ್ಪತ್ತು ದಾಟಿದ ಅವರ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮದ್ದೂರಿಗೆ ರಾತ್ರಿ ಮಳೆ ಎಂದು ಫೋನು ಹೇಳಿತು. ದೊಡ್ಡಪ್ಪ ಎದ್ದು ಅಂಗಳದಲ್ಲಿ ಒಣಗಲು ಹರಡಿದ್ದ ರಾಗಿಯ ಕಡೆ ನಡೆದರು.